‘ಸೋತರೂ ಭೇಷ್’ ಎಂಬ ಮಾತು

ನಾವು ಒಂದು ಮಾತನ್ನು ಕೇಳಿಕೊಂಡೇ ಬೆಳೆದವರು. ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಪರೀಕ್ಷೆಗೆ ನೂರಕ್ಕೆ 40 ಅಂಕ ಬಂದಿತ್ತು. ಮೇಷ್ಟ್ರು ದೂರದಿಂದಲೇ ಪೇಪರು ನೀಡಿ, ‘ನಿಮ್ಮ ಕೇರಿಯಿಂದ ಬಂದು ಇಷ್ಟು ತಗೊಂಡಿದ್ದೇ ದೊಡ್ಡದು ಕಣೋ, ಭೇಷ್’ ಅಂದರು. ಅದೇ 40 ಅಂಕ ಪಟೇಲರ ಮಗನಿಗೂ ಬಂದಿತ್ತು. ಅವನಿಗೆ ಬೆತ್ತದ ಏಟು ಬಿತ್ತು. ನಾವು ಹಿಗ್ಗಿ ಹೀರೇಕಾಯಾಗಿ ಮನೆಗೆ ಓಡಿ ಅವ್ವನಿಗೆ ಹೇಳಿದೆವು. ಅವ್ವನಿಗೆ ಅಕ್ಷರ ಗೊತ್ತಿಲ್ಲ. ಸೌದೆ ಮುರಿಯುತ್ತಾ ಕೂತಿದ್ದವಳು ತಲೆಯೆತ್ತಿ, ‘ಅವನಿಗೆ ಹೊಡೆದವರು ನಿನಗ್ಯಾಕೆ ಹೊಡೀನಿಲ್ಲ?’ ಅಂತ ಕೇಳಿದಳು.

ಆ ಪ್ರಶ್ನೆ ಅರ್ಥವಾಗಲು ನಮಗೆ ಬಹಳ ವರ್ಷ ಹಿಡಿಯಿತು. ಬೆತ್ತ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮೇಷ್ಟ್ರು ಪಟೇಲರ ಮಗನಿಂದ 80 ನಿರೀಕ್ಷೆ ಮಾಡಿದ್ದರು. ನಮ್ಮಿಂದ ಏನನ್ನೂ ನಿರೀಕ್ಷೆ ಮಾಡಿರಲಿಲ್ಲ. ಏನೂ ನಿರೀಕ್ಷೆ ಇಲ್ಲದ ಕಡೆ ಏನು ಬಂದರೂ ಭೇಷೇ. ಹಾಗಾದರೆ ಹೊಗಳಿಕೆಯೂ ಅವಮಾನ ಆಗಬಹುದೇ? ದುರ್ಬಲನೊಬ್ಬ ಬಲಶಾಲಿಯ ಎದುರು ನಿಂತು ಸೋತಾಗ ಅವನನ್ನು ಯಾವ ಮೊಳದಿಂದ ಅಳೆಯಬೇಕು?

ಇದನ್ನು ನಮ್ಮ ಕೇರಿಯ ಕತೆಗಳಿಂದಲೇ ಬಿಡಿಸಲು ಹೊರಟರೆ ಕಣ್ಣು ಮಂಜಾಗಿ ಲೆಕ್ಕ ತಪ್ಪುತ್ತದೆ. ಅದಕ್ಕೇ ನಾವು ಆಟವೊಂದನ್ನು ಎತ್ತಿಕೊಳ್ಳುತ್ತೇವೆ. ಆಟದಲ್ಲಿ ಗೋಲು ಎಷ್ಟು, ಯಾವ ನಿಮಿಷದಲ್ಲಿ, ಒದ್ದವರು ಯಾರು ಎಲ್ಲವೂ ಬರೆದಿರುತ್ತದೆ. ಅಲ್ಲಿ ಮುಚ್ಚಿಡುವುದು ಕಷ್ಟ. ಕಷ್ಟವಾದರೂ ಜನ ಹೇಗೆ ಮುಚ್ಚಿಡುತ್ತಾರೆ ಎಂಬುದನ್ನೂ ಅಲ್ಲಿಯೇ ನೋಡಬಹುದು.

* * *

1948ರ ಜುಲೈ 31. ದೇಶ ಸ್ವತಂತ್ರವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡ ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸ್ ಎದುರು ಆಡಿತು. ನಾಯಕ ತಾಲಿಮೆರೆನ್ ಆವೊ, ನಾಗಾ ಬೆಟ್ಟದವರು, ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದವರು. ಒಲಿಂಪಿಕ್ಸಿನ ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದು ನಡೆದವರೂ ಅವರೇ. ತಂಡದಲ್ಲಿ ನಮ್ಮ ಕಡೆಯವರೂ ಇದ್ದರು. 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು ಸಂಸ್ಥಾನ ಆಗ ಫುಟ್‌ಬಾಲಿನಲ್ಲಿ ಸಣ್ಣ ಹೆಸರೇನಲ್ಲ. ಬೆಂಗಳೂರು ದಂಡಿನ ಮೈದಾನಗಳಲ್ಲಿ ಗೋರಾ ಸಿಪಾಯಿಗಳು ಆಡುವುದನ್ನು ನೋಡಿ ಕಲಿತ ಹುಡುಗರು ದೇಶದ ತಂಡದವರೆಗೆ ಏರಿದ್ದರು. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು.

ಫ್ರಾನ್ಸ್ 30ನೇ ನಿಮಿಷಕ್ಕೆ ಒಂದು ಗೋಲು ಹಾಕಿತು. 70ನೇ ನಿಮಿಷಕ್ಕೆ ಮೈಸೂರಿನ ಸಾರಂಗಪಾಣಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಇದೇ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಒಂದನ್ನು ಒದ್ದವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್. ಎರಡೂ ಗೋಲಾಗಲಿಲ್ಲ. 89ನೇ ನಿಮಿಷಕ್ಕೆ ಫ್ರಾನ್ಸ್ ಎರಡನೆಯದನ್ನು ಹಾಕಿ 2-1ರಿಂದ ಗೆದ್ದಿತು.

ಆಮೇಲೆ ಶುರುವಾಯಿತು ನೋಡಿ ಹೊಗಳಿಕೆ. ಬರಿಗಾಲಲ್ಲಿ ಆಡಿ ಫ್ರಾನ್ಸಿನಂಥ ಫ್ರಾನ್ಸನ್ನು ನಡುಗಿಸಿದರು ಎಂದು ಹಾಡಿದ್ದೇ ಹಾಡಿದ್ದು. ಇಂಗ್ಲೆಂಡಿನ ದೊರೆ ಆರನೇ ಜಾರ್ಜ್ ಮನ್ನಾ ಅವರ ಪ್ಯಾಂಟು ಮೇಲೆತ್ತಿಸಿ, ಕಾಲು ಉಕ್ಕಿನದೇನಾ ಎಂದು ನೋಡಿದ ಎಂಬ ಕತೆ ಇಂದಿಗೂ ಓಡಾಡುತ್ತದೆ. ಕತೆ ನಡೆದದ್ದೇ ಇರಲಿ, ಕಟ್ಟಿದ್ದೇ ಇರಲಿ, ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಆ ಹೆಮ್ಮೆಯನ್ನು ಸ್ವಲ್ಪ ನೋಡಿ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಗೊರಸು ಎತ್ತಿ ನೋಡುತ್ತಾನೆ, ಹಲ್ಲು ಬಿಡಿಸಿ ನೋಡುತ್ತಾನೆ. ನಿನ್ನೆ ಮೊನ್ನೆಯವರೆಗೆ ಆಳಿದ ದೊರೆ ನಮ್ಮವನ ಕಾಲು ನೋಡಿ ಬೆರಗಾದ ಎಂಬುದರಲ್ಲಿ ಹಿಗ್ಗುವವರು, ಪೆನಾಲ್ಟಿ ಒದೆಯುವಾಗ ಮನ್ನಾ ಅವರ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಕೇಳಿದ್ದುಂಟೇ? ಕಾಲಿಗೆ ಭೇಷ್ ಸಿಕ್ಕಿತು. ತಲೆಯನ್ನು ಯಾರೂ ಕೇಳಲಿಲ್ಲ.

ಈ ವಿಷಯದಲ್ಲಿ ನಾಯಕ ಆವೊ ಅವರದೆಂದು ಪ್ರಸಿದ್ಧವಾದ ಒಂದು ಮಾತು ನಮಗೆ ಹಿಡಿಸುತ್ತದೆ. ಬರಿಗಾಲೇಕೆ ಎಂದು ಕೇಳಿದವರಿಗೆ, ನಾವು ಆಡುವುದು ಫುಟ್‌ಬಾಲು, ನೀವು ಆಡುವುದು ಬೂಟ್‌ಬಾಲು ಎಂದರಂತೆ. ಕನಿಕರ ತೋರಲು ಬಂದವನಿಗೆ ಬಾಗಿಲು ಹಾಕುವ ಮಾತು ಅದು. ಆದರೆ ತಮಾಷೆಯ ಮಾತನ್ನೇ ತತ್ವ ಮಾಡಿಕೊಂಡು ಕೂತರೆ ಮುಂದಿನ ಮ್ಯಾಚು ಆಡುವವರು ಯಾರು?

* * *

ಈಗ ಲೆಕ್ಕಕ್ಕೆ ಬರೋಣ. ಫ್ರಾನ್ಸ್ ಎಂಬ ಹೆಸರು ದೊಡ್ಡದು. ಆದರೆ ಆ ದಿನ ಎದುರಿಗೆ ನಿಂತಿದ್ದು ಯಾವ ಫ್ರಾನ್ಸ್? ಆಗ ಒಲಿಂಪಿಕ್ಸಿನಲ್ಲಿ ಆಟವನ್ನೇ ಕಸುಬು ಮಾಡಿಕೊಂಡವರಿಗೆ ಜಾಗ ಇರಲಿಲ್ಲ. ಬಂದಿದ್ದು ಹವ್ಯಾಸಿಗಳ ತಂಡ. ಅದೇ ತಂಡ ಮುಂದಿನ ಸುತ್ತಿನಲ್ಲಿ ಬ್ರಿಟನ್ನಿನ ಹವ್ಯಾಸಿಗಳ ಎದುರು 1-0ರಿಂದ ಸೋತು ಮನೆಗೆ ಹೋಯಿತು. ಅಂದರೆ ಭಾರತ ಅಂದು ಎದುರಿಸಿದ್ದು ಸೋಲಿಸಬಹುದಾಗಿದ್ದ ತಂಡವನ್ನು. ಎರಡರಲ್ಲಿ ಒಂದು ಪೆನಾಲ್ಟಿ ಒಳಗೆ ಹೋಗಿದ್ದರೂ 89ನೇ ನಿಮಿಷದ ಗೋಲಿನಿಂದ ಸೋಲು ಬರುತ್ತಿರಲಿಲ್ಲ.

ಇದು ಕಟುವಾಗಿ ಕೇಳಬಹುದು. ನಮಗೆ ಇದೇ ಗೌರವದ ಮಾತು. ನೀವು ಗೆಲ್ಲಬಹುದಿತ್ತು ಎಂದು ಯಾರಿಗೆ ಹೇಳುತ್ತೇವೆ? ಗೆಲ್ಲುವ ತಾಕತ್ತು ಇದೆಯೆಂದು ಒಪ್ಪಿದವರಿಗೆ ಮಾತ್ರ. ನೀವು ಸೋತರೂ ಭೇಷ್ ಎನ್ನುವವನು ಒಳಗೊಳಗೆ ಹೇಳುತ್ತಿರುವುದು, ನೀವು ಗೆಲ್ಲುವವರಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು ಎಂಬ ಮಾತನ್ನೇ. ಬಲಶಾಲಿಯ ಬಲದಲ್ಲಿ ಅರ್ಧ ಅವನ ಹೆಸರು. ಹೆಸರನ್ನು ನೋಡಿ ನಾವೇ ಅವನಿಗೆ ಒಂದೆರಡು ಗೋಲು ಮುಂಗಡವಾಗಿ ಕೊಟ್ಟುಬಿಡುತ್ತೇವೆ. ಆಮೇಲೆ ಒಂದು ಗೋಲಿನಿಂದ ಸೋತರೆ ಅದೇ ಲಾಭ ಎಂದು ಹೊಸಬಟ್ಟೆ ಉಡುತ್ತೇವೆ.

* * *

ಬರಿಗಾಲಿನ ಬಗ್ಗೆ ನಾವು ಎರಡು ಮಾತು ಹೇಳಲೇಬೇಕು.

ನಮ್ಮ ಹಿರಿಯರು ಕೆರ ಹೊಲಿದವರು. ಸತ್ತ ದನ ಎಳೆದು, ಚರ್ಮ ಸುಲಿದು, ತಂಗಡಿ ತೊಗಟೆಯಲ್ಲಿ ಹದ ಮಾಡಿ ಊರಿಗೆಲ್ಲ ಮೆಟ್ಟು ಕೊಟ್ಟವರು. ಊರೊಳಗಿನ ಬೀದಿಗೆ ಬಂದಾಗ ತಾವು ಹೊಲಿದ ಕೆರವನ್ನು ತಾವೇ ಕೈಯಲ್ಲಿ ಹಿಡಿದು ನಡೆದವರು. ಕಾಲಿಗೆ ಕಲ್ಲು ಮುಳ್ಳು ತಾಗದಂತೆ ಚರ್ಮ ದಪ್ಪವಾಗಿತ್ತು. ಆ ದಪ್ಪ ಚರ್ಮವನ್ನು ನೋಡಿ ಯಾರಾದರೂ ಕವಿ ಮಹಾಶಯರು ‘ಆಹಾ, ಮಣ್ಣಿನ ಮಕ್ಕಳ ಪಾದ’ ಎಂದು ಬರೆದರೆ ನಮಗೆ ಮೈ ಉರಿಯುತ್ತದೆ. ಬರಿಗಾಲು ನಮಗೆ ಕಾವ್ಯವಲ್ಲ.

ಲಂಡನ್ನಿಗೆ ಹೋದ ಆ ಹನ್ನೊಂದು ಮಂದಿಯ ಬರಿಗಾಲೂ ಇದೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅವರಿಗೆ ಬೂಟು ಹಾಕಬೇಡ ಎಂದವರು ಯಾರೂ ಇರಲಿಲ್ಲ. ಕೆಲವರು ಹಾಕಿಯೂ ಆಡಿದರು. ಉಳಿದವರಿಗೆ ಅದು ರೂಢಿ. ಕಲ್ಕತ್ತೆಯ ಮೋಹನ್ ಬಗಾನ್ 1911ರಲ್ಲಿ ಹೆಚ್ಚುಕಡಿಮೆ ಬರಿಗಾಲಲ್ಲೇ ಬ್ರಿಟಿಷ್ ಪಲ್ಟನ್ನಿನ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗಿನಿಂದ ಬರಿಗಾಲಿಗೆ ಒಂದು ಮಾನ ಬಂದಿತ್ತು. ಒಣನೆಲದಲ್ಲಿ ಬರಿಗಾಲಿಗೆ ಚೆಂಡಿನ ಮೇಲೆ ಹಿಡಿತ ಹೆಚ್ಚು. ಬೆರಳು, ಪಾದ, ಹಿಮ್ಮಡಿ ಎಲ್ಲವೂ ಚೆಂಡಿನ ಜೊತೆ ಮಾತಾಡುತ್ತವೆ. ಅದು ನಿಜವಾದ ವಿದ್ಯೆ. ಆ ವಿದ್ಯೆಯನ್ನು ನಾವು ಕೀಳು ಮಾಡುವುದಿಲ್ಲ. ಆದರೆ ಮಳೆ ಬಿದ್ದು ನೆಲ ಕೆಸರಾದರೆ ಅದೇ ಕಾಲು ಜಾರುತ್ತದೆ. ಎದುರಿನವನ ಬೂಟು ಬೆರಳ ಮೇಲೆ ಬೀಳುತ್ತದೆಂಬ ಭಯಕ್ಕೆ ಕಾಲು ಹಿಂದೆಗೆಯುತ್ತದೆ. ವಿದ್ಯೆಯ ಮಿತಿ ಹೇಳಿದರೆ ವಿದ್ಯಾವಂತನಿಗೆ ಅವಮಾನವಾಗುವುದಿಲ್ಲ. ಮಿತಿಯನ್ನು ಮುಚ್ಚಿ ಆರತಿ ಎತ್ತಿದವರೇ ಅವನನ್ನು ಕೆಸರಿನಲ್ಲಿ ನಿಲ್ಲಿಸಿದವರು.

ಬರಿಗಾಲಿನ ಕತೆಯಿಂದ ಯಾರಿಗೆ ಲಾಭವಾಯಿತು ಎಂಬುದಕ್ಕೆ 1950ರ ಸಂಗತಿ ನೋಡಿ. ಅರ್ಹತಾ ಸುತ್ತಿನಲ್ಲಿ ಎದುರಾಳಿಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಬ್ರೆಜಿಲ್ ವಿಶ್ವಕಪ್ಪಿಗೆ ಹೋಗುವ ದಾರಿ ತೆರೆದಿತ್ತು. ಸ್ವೀಡನ್, ಇಟಲಿ, ಪೆರಗ್ವೆ ಇದ್ದ ಗುಂಪಿನಲ್ಲಿ ಜಾಗವೂ ಸಿಕ್ಕಿತ್ತು. ತಂಡ ಹೋಗಲಿಲ್ಲ. ಬರಿಗಾಲಲ್ಲಿ ಆಡಬಾರದೆಂದು ಫಿಫಾ ಹೇಳಿತು, ಅದಕ್ಕೇ ಹೋಗಲಿಲ್ಲ ಎಂಬ ಕತೆಯನ್ನು ಅಂದಿನಿಂದ ಊರೂರಲ್ಲಿ ಹೇಳುತ್ತಾ ಬಂದಿದ್ದಾರೆ. ಭಾರತೀಯ ಫುಟ್‌ಬಾಲ್ ಒಕ್ಕೂಟ ಆಗ ಕೊಟ್ಟ ಕಾರಣಗಳೇ ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು, ಇತ್ಯಾದಿ. ಒಲಿಂಪಿಕ್ಸಿನ ಮುಂದೆ ವಿಶ್ವಕಪ್ ಒಕ್ಕೂಟದ ಕಣ್ಣಿಗೆ ದೊಡ್ಡದಾಗಿ ಕಾಣಲಿಲ್ಲ. ತಮಗೆ ಆಗ ಒಲಿಂಪಿಕ್ಸೇ ಎಲ್ಲವೂ ಆಗಿತ್ತು, ವಿಶ್ವಕಪ್ಪಿನ ಬೆಲೆ ಸರಿಯಾಗಿ ತಿಳಿದಿರಲಿಲ್ಲ ಎಂದು ಮನ್ನಾ ಅವರೇ ಮುಂದೆ ಹೇಳಿಕೊಂಡರು.

ಕಚೇರಿಯಲ್ಲಿ ಕೂತವರು ತಗೊಂಡ ತೀರ್ಮಾನದ ಭಾರ ಆಟಗಾರನ ಬರಿಗಾಲ ಮೇಲೆ ಬಿತ್ತು. ಕಾಲು ಬಾಯಿ ಬಿಟ್ಟು ಮಾತಾಡುವುದಿಲ್ಲವಲ್ಲ. ಬಡವನ ಬಡತನವನ್ನು ಹೊಗಳುವವನ ಹಿಂದೆ, ಆ ಬಡತನಕ್ಕೆ ಲೆಕ್ಕ ಕೊಡಬೇಕಾದವನು ಅಡಗಿ ನಿಂತಿರುತ್ತಾನೆ. ಇದನ್ನು ನಾವು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಇಲ್ಲೂ ಕಂಡೆವು.

* * *

1952ರ ಜುಲೈ 15, ಹೆಲ್ಸಿಂಕಿ. ಮತ್ತೆ ಒಲಿಂಪಿಕ್ಸ್. ನಡುವೆ 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಸಾಹು ಮೇವಾಲಾಲ್ ಅವರ ಗೋಲಿನಿಂದ ಇರಾನನ್ನು 1-0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತ್ತು. ಬರಿಗಾಲಿಗೆ ಇನ್ನಷ್ಟು ಮಾನ. ಈ ಸಲ ಎದುರಾಳಿ ಯುಗೊಸ್ಲಾವಿಯಾ, 1948ರಲ್ಲಿ ಬೆಳ್ಳಿ ಗೆದ್ದ ತಂಡ. ಇಲ್ಲಿ ಹೆಸರೂ ದೊಡ್ಡದು, ತಂಡವೂ ದೊಡ್ಡದು. ಉತ್ತರದ ಚಳಿಯ ನೆಲದಲ್ಲಿ ನಮ್ಮವರು ಹಲವರು ಬರಿಗಾಲಲ್ಲೇ ಇಳಿದರು. ಎರಡನೇ ನಿಮಿಷಕ್ಕೇ ಒಂದು ಗೋಲು ಬಿತ್ತು. ಅರ್ಧ ಆಟಕ್ಕೆ ಐದು. ಉಳಿದರ್ಧದಲ್ಲಿ ಇನ್ನೈದು. ಝೆಬೆಟ್ಸ್ ಎಂಬೊಬ್ಬರೇ ನಾಲ್ಕು ಹಾಕಿದರು. 89ನೇ ನಿಮಿಷಕ್ಕೆ ಭಾರತದ ಒಂದು ಗೋಲು. ಹಾಕಿದವರು ಬೆಂಗಳೂರಿನ ಅಹಮದ್ ಖಾನ್, ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ಹೆಸರು ಮಾಡಿದವರು. ಪಂದ್ಯ 10-1.

ಈ ಸೋಲಿಗೆ ಭೇಷ್ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ಪ್ರಕಾರ ಅದೇ ಒಳ್ಳೆಯದಾಯಿತು.

ಯಾಕೆಂದರೆ 2-1 ಎಂಬ ಸೋಲು ನಮಗೆ ಹೊಗಳಿಕೆ ಕೊಟ್ಟಿತು, ಏನನ್ನೂ ಕಲಿಸಲಿಲ್ಲ. ದೇಶದೊಳಗಿನ ಪಂದ್ಯಗಳು ಆಗ 90 ನಿಮಿಷಕ್ಕಿಂತ ಕಡಿಮೆ ಹೊತ್ತಿನವು. ಹೊರಗೆ ಹೋದಾಗ ಕೊನೆಯ ಹೊತ್ತಿಗೆ ಉಸಿರು ಸಾಲದು ಎಂಬುದನ್ನು 1948ರ 89ನೇ ನಿಮಿಷವೇ ಹೇಳಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ. ಬರಿಗಾಲಿನ ಮಿತಿ ಏನೆಂದು ಯೋಚಿಸಲು ನಾಲ್ಕು ವರ್ಷ ಇತ್ತು. ಯಾರೂ ಯೋಚಿಸಲಿಲ್ಲ. 10-1 ಆದ ಮೇಲೆ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು.

ಆಗ ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರೂ ಮೊದಲು ಶಾಲೆಯ ಮೇಷ್ಟ್ರಾಗಿದ್ದವರೇ. ಹೆಲ್ಸಿಂಕಿಯ ಸೋಲು ಅವರದೂ ಹೌದು. ಅವರು ಆ ಸೋಲನ್ನು ಹಾಡಿನಲ್ಲಿ ಮುಚ್ಚಲಿಲ್ಲ, ಶಾಪದಲ್ಲೂ ಕಳೆಯಲಿಲ್ಲ. ಅದೇ ಒಲಿಂಪಿಕ್ಸಿನ ಫೈನಲ್ಲಿನಲ್ಲಿ ಯುಗೊಸ್ಲಾವಿಯಾವನ್ನು 2-0ರಿಂದ ಸೋಲಿಸಿದ್ದು ಹಂಗೇರಿ. ಮುಂದಾಳನ್ನು ಸ್ವಲ್ಪ ಹಿಂದಕ್ಕೆ ಎಳೆದು ಎದುರಿನ ಕಾವಲನ್ನು ಕದಡುವ ಹಂಗೇರಿಯ ಆಟವನ್ನು ರಹೀಮ್ ಕಲಿತು ನಮ್ಮ ಹುಡುಗರಿಗೆ ಕಲಿಸಿದರು.

1956, ಮೆಲ್ಬರ್ನ್. ಕ್ವಾರ್ಟರ್ ಫೈನಲ್ಲಿನಲ್ಲಿ ನೆವಿಲ್ ಡಿಸೋಜ ಮೂರು ಗೋಲು ಹಾಕಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು. ಸೆಮಿಫೈನಲ್ಲಿನಲ್ಲಿ ಎದುರಾಗಿದ್ದು ಅದೇ ಯುಗೊಸ್ಲಾವಿಯಾ. ಅರ್ಧ ಆಟ ಮುಗಿದಾಗ ಎರಡೂ ಕಡೆ ಸೊನ್ನೆ. ಮೊದಲ ಗೋಲು ಹಾಕಿದ್ದು ಭಾರತ, ಮತ್ತೆ ಡಿಸೋಜ. ಆಮೇಲೆ ನಾಲ್ಕು ಬಿದ್ದು 4-1ರಿಂದ ಸೋತೆವು. ಕೊನೆಗೆ ನಾಲ್ಕನೇ ಸ್ಥಾನ. 1960ರಲ್ಲಿ ರೋಮಿನಲ್ಲಿ ಅದೇ ಫ್ರಾನ್ಸಿನ ಎದುರು 1-1. ಹಂಗೇರಿಯ ಎದುರು 2-1ರ ಸೋಲು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಏಷ್ಯನ್ ಚಿನ್ನ. ಮರುವರ್ಷ ರಹೀಮ್ ಕ್ಯಾನ್ಸರಿನಿಂದ ತೀರಿಕೊಂಡರು.

10-1ರಿಂದ 4-1ಕ್ಕೆ ಬಂದದ್ದು ಏನು ಮಹಾ ಎಂದು ಕೇಳಬಹುದು. ಎರಡೂ ಸೋಲೇ ಅಲ್ಲವಾ? ಸೋಲೇ. ಆದರೆ ಮೊದಲನೆಯ ಸಲ ಎರಡು ನಿಮಿಷದಲ್ಲಿ ಬಾಗಿಲು ಮುರಿದಿತ್ತು. ಎರಡನೆಯ ಸಲ ಅರ್ಧ ಆಟ ಬಾಗಿಲು ನಿಂತಿತು, ಬಲಶಾಲಿಯ ಮನೆಗೆ ನಾವೇ ಮೊದಲು ನುಗ್ಗಿದೆವು. ಈ ವ್ಯತ್ಯಾಸವನ್ನು ಹೇಳಬೇಕಾದರೂ ಮೊದಲಿನ ಸೋಲನ್ನು ಸೋಲು ಎಂದು ಬರೆದಿಟ್ಟಿರಬೇಕು. ಎರಡಕ್ಕೂ ಭೇಷ್ ಅಂದವನಿಗೆ 10-1ಕ್ಕೂ 4-1ಕ್ಕೂ ವ್ಯತ್ಯಾಸ ಕಾಣುವುದಿಲ್ಲ.

* * *

ಇಲ್ಲಿ ನಮ್ಮ ಗೆಳೆಯರೇ ನಮ್ಮನ್ನು ತಡೆಯುತ್ತಾರೆ. ‘ಏನ್ರಪ್ಪಾ, ನೀವೂ ಬಲಶಾಲಿಯ ಮೊಳವನ್ನೇ ಹಿಡಿದಿರಲ್ಲ. ಒಬ್ಬನಿಗೆ ಹುಟ್ಟಿದಾಗಿನಿಂದ ಹಾಲು, ಬೂಟು, ಹುಲ್ಲಿನ ಮೈದಾನ. ಇನ್ನೊಬ್ಬನಿಗೆ ಗಂಜಿ, ಬರಿಗಾಲು, ಕಲ್ಲಿನ ಬಯಲು. ಇಬ್ಬರನ್ನೂ ಒಂದೇ ಗೋಲುಕಂಬದ ಮುಂದೆ ನಿಲ್ಲಿಸಿ ಅಳೆಯುವುದು ನ್ಯಾಯವಾ?’

ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಗೋಲುಕಂಬಗಳ ನಡುವಿನ ಅಗಲ 24 ಅಡಿ, ಎತ್ತರ 8 ಅಡಿ, ಇಬ್ಬರಿಗೂ ಒಂದೇ. ಆ ತೊಂಬತ್ತು ನಿಮಿಷ ಮಾತ್ರ ನೆಲ ಸಮ. ಅದರ ಹಿಂದಿನ ಇನ್ನೂರು ವರ್ಷ ಸಮ ಇರಲಿಲ್ಲ. ಅದು ಸತ್ಯ. ಆದ್ದರಿಂದಲೇ ನಾವು ಎರಡು ಪುಸ್ತಕ ಇಡಬೇಕು ಎನ್ನುತ್ತೇವೆ. ಒಂದರಲ್ಲಿ ಆಟದ ಲೆಕ್ಕ: ಯಾರು ಚೆನ್ನಾಗಿ ಆಡಿದರು, ಯಾರು ಎಲ್ಲಿ ತಪ್ಪಿದರು. ಇನ್ನೊಂದರಲ್ಲಿ ಅನ್ಯಾಯದ ಲೆಕ್ಕ: ಯಾರಿಗೆ ಏನು ಸಿಗಲಿಲ್ಲ, ಯಾರು ಕೊಡಲಿಲ್ಲ, ಯಾಕೆ ಕೊಡಲಿಲ್ಲ.

ಹಳ್ಳಿಯ ಸಾಹುಕಾರ ನಮ್ಮಪ್ಪಂದಿರನ್ನು ಹೇಗೆ ಮುಳುಗಿಸಿದ? ಅಸಲು ಬಡ್ಡಿ ಬೆರೆಸಿ ಬರೆದು. ಎಷ್ಟು ತೀರಿತು, ಎಷ್ಟು ಉಳಿಯಿತು ಗೊತ್ತಾಗದಂತೆ ಮಾಡಿದ. ಸೋತ ತಂಡದ ವಿಷಯದಲ್ಲೂ ಹೀಗೇ ಆಗುತ್ತದೆ. ಪೆನಾಲ್ಟಿ ತಪ್ಪಿದ್ದು ಯಾಕೆ ಎಂದರೆ ವಸಾಹತುಶಾಹಿ ಎನ್ನುತ್ತಾರೆ. ಬೂಟು, ಮೈದಾನ, ತರಬೇತಿ ಯಾಕಿಲ್ಲ ಎಂದರೆ ಹುಡುಗರಲ್ಲಿ ಛಲ ಸಾಲದು ಎನ್ನುತ್ತಾರೆ. ಎರಡೂ ಸುಳ್ಳು ಲೆಕ್ಕ. ಪೆನಾಲ್ಟಿಯ ಜಾಗ ಮೊದಲ ಪುಸ್ತಕದಲ್ಲಿ, ಮೈದಾನದ ಜಾಗ ಎರಡನೆಯದರಲ್ಲಿ. ಒಂದರ ಸಾಲವನ್ನು ಇನ್ನೊಂದರಿಂದ ತೀರಿಸಲಾಗದು.

ಇನ್ನೂ ಒಂದು ಎಚ್ಚರಿಕೆ. ಸೋತೆ ಎಂದು ಹೇಳುವ ಹಕ್ಕು ಎಲ್ಲರಿಗೂ ಇಲ್ಲ. ಗೆದ್ದವನು ಸೋತವನಿಗೆ ಹೇಳಿದರೆ ಅದು ಕಾಲಿನಿಂದ ಒದ್ದ ಹಾಗೆ. ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತವನು ಹೇಳಿದರೆ ಅದು ಉಗಿದ ಹಾಗೆ. ಜೊತೆಯಲ್ಲಿ ನಿಂತು ಸೋತವನು, ನಾಳೆ ಬೆಳಗ್ಗೆ ಮೈದಾನಕ್ಕೆ ಜೊತೆಯಲ್ಲಿ ಬರುವವನು ಹೇಳಿದರೆ ಮಾತ್ರ ಅದು ಮಾತು. ರಹೀಮ್ ಮೇಷ್ಟ್ರಿಗೆ ಆ ಹಕ್ಕಿತ್ತು. ನಮ್ಮ ಮಿಡ್ಲ್ ಸ್ಕೂಲಿನ ಮೇಷ್ಟ್ರಿಗೆ ಇರಲಿಲ್ಲ. ಅವರ ಭೇಷ್ ದೂರದಿಂದ ಬಂದದ್ದು.

* * *

ಹಳೆಯ ಕತೆ ಸಾಕು ಎನ್ನುವವರಿಗೆ ಹೊಸದೊಂದನ್ನು ಹೇಳುತ್ತೇವೆ. 2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತಿನ ಕೊನೆಯ ಪಂದ್ಯದಲ್ಲಿ ಭಾರತಕ್ಕೆ ಎದುರಾಳಿ ಏಷ್ಯಾ ಚಾಂಪಿಯನ್ ಕತಾರ್. ಗೆದ್ದರೆ ಮುಂದಿನ ಸುತ್ತು. 37ನೇ ನಿಮಿಷಕ್ಕೆ ಛಾಂಗ್ಟೆ ಗೋಲು ಹಾಕಿದರು. 73ನೇ ನಿಮಿಷಕ್ಕೆ ಚೆಂಡು ಗೆರೆ ದಾಟಿ ಆಚೆ ಹೋಗಿತ್ತು. ಕತಾರಿನ ಆಟಗಾರ ಅದನ್ನು ಒಳಗೆಳೆದ, ಇನ್ನೊಬ್ಬ ಗೋಲಿಗೆ ತಳ್ಳಿದ, ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವೀಡಿಯೋ ನೋಡಿ ತೀರ್ಪು ತಿದ್ದುವ ಏರ್ಪಾಡು ಇರಲಿಲ್ಲ. 85ನೇ ನಿಮಿಷಕ್ಕೆ ಇನ್ನೊಂದು ಬಿದ್ದು 2-1ರಿಂದ ಸೋಲು. ದೇಶವೆಲ್ಲ ಮೋಸ ಮೋಸ ಎಂದು ಕೂಗಿತು. ನಾವೂ ಕೂಗಿದೆವು. ಅದು ಅನ್ಯಾಯವೇ. ಎರಡನೇ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕಾದದ್ದೇ.

ಆದರೆ ಮೊದಲ ಪುಸ್ತಕ ಏನು ಹೇಳುತ್ತದೆ? ಕತಾರ್ ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು. ಅವತ್ತು ಇಳಿಸಿದ್ದು ಹೆಚ್ಚಾಗಿ ಎಳೆಯರನ್ನು. ಮತ್ತೆ ಹೆಸರೊಂದು, ತಂಡವೊಂದು. ಅದಕ್ಕೆ ಐದು ದಿನ ಮೊದಲು ಕಲ್ಕತ್ತೆಯಲ್ಲಿ, ಸುನಿಲ್ ಛೆಟ್ರಿ ಅವರ ವಿದಾಯದ ಪಂದ್ಯದಲ್ಲಿ, ಕುವೈತ್ ಎದುರು ಗೋಲಿಲ್ಲದೆ ಡ್ರಾ. ಮಾರ್ಚಿಯಲ್ಲಿ ಅಫ್ಘಾನಿಸ್ತಾನದ ಎದುರು ಮೊದಲು 0-0, ಆಮೇಲೆ ನಮ್ಮದೇ ಗುವಾಹಟಿಯಲ್ಲಿ 2-1ರ ಸೋಲು. ದಶಕಗಳ ಯುದ್ಧದಲ್ಲಿ ಬೆಂದ ನಾಡಿನ ಹುಡುಗರವರು. ಅಲ್ಲಿ ದುರ್ಬಲರು ಯಾರು, ಬಲಶಾಲಿಗಳು ಯಾರು? ದೋಹಾದ ಆ ಒಂದು ಗೋಲು ಗುವಾಹಟಿಯನ್ನು ಮರೆಸಿಬಿಟ್ಟಿತು. ಅನ್ಯಾಯವಾದವನಿಗೆ ಇದೊಂದು ಅಪಾಯ ಯಾವಾಗಲೂ ಇರುತ್ತದೆ. ಆದ ಅನ್ಯಾಯ ಎಷ್ಟು ನಿಜವೋ ಅಷ್ಟೇ ಸುಲಭವಾಗಿ ಅದರ ಕೆಳಗೆ ತನ್ನ ತಪ್ಪನ್ನು ಬಚ್ಚಿಡಬಹುದು. ವಾರ ತುಂಬುವುದರೊಳಗೆ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ಒಕ್ಕೂಟ ತೆಗೆಯಿತು. ಒಬ್ಬನ ತಲೆ ಉರುಳಿಸಿದರೆ ಎರಡೂ ಪುಸ್ತಕ ಮುಚ್ಚಿದ ಹಾಗೆ ಎಂದು ಕಚೇರಿಗಳು ನಂಬುತ್ತವೆ. 1950ರಲ್ಲಿ ಬರಿಗಾಲು ಸಿಕ್ಕಿತ್ತು, ಈ ಸಲ ಕೋಚ್ ಸಿಕ್ಕಿದರು.

* * *

ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರ ಇದೆ. ಬಡವರ ಗಲ್ಲಿಗಳು. ದೇಶಕ್ಕೆ, ಕ್ಲಬ್ಬುಗಳಿಗೆ ಎಷ್ಟೋ ಆಟಗಾರರನ್ನು ಕೊಟ್ಟ ಗಲ್ಲಿಗಳು. ಅಲ್ಲಿಯ ಜನ ಒಂದೇ ಕಡೆ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಬ್ರೆಜಿಲ್ಲಿನ ಬಡ ಕರಿಯರ ಮನೆಯಲ್ಲಿ ಹುಟ್ಟಿ ಮೂರು ವಿಶ್ವಕಪ್ ಗೆದ್ದ ಮನುಷ್ಯನನ್ನು ಬಾಬಾಸಾಹೇಬರ ಪಕ್ಕದಲ್ಲಿ ನಿಲ್ಲಿಸಿದ ಆ ಜನಕ್ಕೆ ಯಾರೂ ತತ್ವಶಾಸ್ತ್ರ ಹೇಳಿಕೊಡಬೇಕಾಗಿಲ್ಲ. ತಮ್ಮ ಮಕ್ಕಳ ಎದುರಿಗೆ ಅವರು ‘ಸೋತರೂ ಭೇಷ್’ ಎನ್ನುವ ಕಲ್ಲನ್ನು ನೆಡಲಿಲ್ಲ. ಇವನಷ್ಟು ಎತ್ತರಕ್ಕೆ ನೀನೂ ಬಾ ಎಂದು ಹೇಳುವ ಕಲ್ಲನ್ನು ನೆಟ್ಟರು. ಆ ಕೇರಿಯ ಹುಡುಗ ಪೆಲೆ ಆಗದೇ ಇರಬಹುದು. ಆದರೆ ಅವನಿಂದ ಏನೋ ಒಂದನ್ನು ನಿರೀಕ್ಷೆ ಮಾಡಿದವರು ಇದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತದೆ.

ರಾಮನ್ ಹಾಕಿದ ಗೋಲು ಗೋಲೇ. ಅದಕ್ಕೆ ಯಾರ ಕನಿಕರದ ಸಾಕ್ಷಿಯೂ ಬೇಡ. ತಪ್ಪಿದ ಎರಡು ಪೆನಾಲ್ಟಿಗಳು ತಪ್ಪಿದವೇ. ಅದಕ್ಕೆ ಯಾರ ಕನಿಕರದ ಮುಸುಕೂ ಬೇಡ. ಆ ಹನ್ನೊಂದು ಮಂದಿ ಫ್ರಾನ್ಸನ್ನು ಗೆಲ್ಲಬಹುದಾಗಿತ್ತು, ಗೆಲ್ಲಲಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ನಾವು ಅವರನ್ನು ಇಲ್‌ಫರ್ಡಿನ ಹುಲ್ಲಿನ ಮೇಲೆ ಆಳಿಗೆ ಆಳಾಗಿ ನಿಂತವರೆಂದು ಒಪ್ಪಿದಂತೆ.

ನಮ್ಮ ಮಕ್ಕಳು ಈಗ ಶಾಲೆಯಿಂದ ಪೇಪರು ತರುತ್ತಾರೆ. 40 ಬಂದಿದ್ದರೆ ನಾವು ಹೊಡೆಯುವುದಿಲ್ಲ. ಭೇಷ್ ಎಂದೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು, ಉಳಿದ 60 ಎಲ್ಲಿ ಹೋಯಿತು ಎಂದು ಒಂದೊಂದೇ ಲೆಕ್ಕ ನೋಡುತ್ತೇವೆ. ಕೆಲವು ಅಂಕ ಮಗುವಿನ ತಪ್ಪಿಗೆ ಹೋಗಿರುತ್ತವೆ. ಕೆಲವು, ಆ ಪಾಠವನ್ನು ಮಾಡದೇ ಬಿಟ್ಟವರ ತಪ್ಪಿಗೆ. ಮೊದಲನೆಯದನ್ನು ರಾತ್ರಿ ಮನೆಯಲ್ಲಿ ತಿದ್ದುತ್ತೇವೆ. ಎರಡನೆಯದನ್ನು ಕೇಳಲು ಬೆಳಗ್ಗೆ ಶಾಲೆಯ ಬಾಗಿಲಿಗೆ ಹೋಗುತ್ತೇವೆ, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ.